ಮುದ್ದೆಗೆ ಬಂದ ಮಾನ, ಸಾರಿಗೆ ಬಾರದ ಮಾನ: ಕೋಲಾರ ಸೀಮೆಯ ಆಹಾರ ವೈವಿಧ್ಯವನ್ನು ಕುರಿತು

1

ಒಂದು ಸೀಮೆಯ ಜನ ಏನನ್ನು ಉಣ್ಣುತ್ತಾರೆ ಎಂಬ ಪ್ರಶ್ನೆಗೆ ಇಂದು ಉತ್ತರ ಹೇಳುವವರು ಪೌಷ್ಟಿಕ ವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು ಹಾಗೂ ಸರ್ಕಾರದ ಅಂಕಿ-ಅಂಶ ಸಂಗ್ರಾಹಕರು. ಕನ್ನಡ ವಿಭಾಗಗಳು ಈ ಪ್ರಶ್ನೆಯನ್ನು ತಮ್ಮದೆಂದು ಭಾವಿಸಿದ್ದು ಕಡಿಮೆ. ಸಮುದಾಯ ಅಧ್ಯಯನದ ಪ್ರಬಂಧಗಳಲ್ಲಿ ಉಡುಗೆ-ತೊಡುಗೆ, ಆಚಾರ-ವಿಚಾರಗಳ ಜೊತೆಗೆ 'ಆಹಾರ ಪದ್ಧತಿ' ಎಂಬ ಉಪಶೀರ್ಷಿಕೆಯೊಂದು ಇರುತ್ತದೆ. ಅದರಡಿಯಲ್ಲಿ ಮುಖ್ಯ ಆಹಾರ ರಾಗಿ, ಜೊತೆಗೆ ಸೊಪ್ಪು-ಕಾಳಿನ ಸಾರು, ಹಬ್ಬ-ಜಾತ್ರೆಗಳಲ್ಲಿ ಮಾಂಸ ಎಂಬಷ್ಟನ್ನು ಹೇಳಿ ಮುಂದಿನ ಉಪಶೀರ್ಷಿಕೆಗೆ ಸಾಗುವುದು ರೂಢಿ. ಈ ಸಂಕ್ಷಿಪ್ತತೆಯನ್ನು ಕೇವಲ ಸಂಶೋಧಕರ ಅವಸರವೆಂದು ತಳ್ಳಿಹಾಕುವಂತಿಲ್ಲ. ಕೇಳುವವರು ಮತ್ತು ಹೇಳುವವರು ಇಬ್ಬರೂ ಸೇರಿ ಮಾಡಿಕೊಂಡ ಒಂದು ಮೌನ ಒಪ್ಪಂದ ಅದರ ಹಿಂದಿದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಓಡಾಡುವ ಯಾರಿಗಾದರೂ 'ಏನ್ ಸಾರು?' ಎಂಬ ಕುಶಲಪ್ರಶ್ನೆ ಪರಿಚಿತ. ಮುದ್ದೆ ಇದ್ದೇ ಇರುತ್ತದೆ ಎಂಬುದು ಆ ಪ್ರಶ್ನೆಯ ಪೂರ್ವಗ್ರಹಿಕೆ; ಬದಲಾಗುವುದು ಸಾರು. ಆದರೆ ಅದೇ ಪ್ರಶ್ನೆಯನ್ನು ಹೊರಗಿನಿಂದ ಬಂದವರು ಕೇಳಿದಾಗ ಸಿಗುವ ಉತ್ತರ 'ಏನಿರುತ್ತೆ, ಸೊಪ್ಪಿನ ಸಾರು' ಎಂಬುದು. ಸೊಪ್ಪು ಎಂಬ ಒಂದು ಪದದ ಒಳಗೆ ಅಣ್ಣೆ, ಹೊನಗನೆ, ಗಣಿಕೆ, ಕೀರೆ, ಗೋಣಿ, ಕಿರಕಸಾಲೆ, ನುಗ್ಗೆ, ದಂಟು, ಚಕ್ರಮುನಿ ಮೊದಲಾದ ಹತ್ತಾರು ಹೆಸರುಗಳು ಅಡಗಿವೆ. ಸಾರು ಎಂಬ ಒಂದು ಪದದ ಒಳಗೆ ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಹಿತಕಿದ ಬೇಳೆ, ಮೊಳಕೆ ಹುರುಳಿಯ ಸಾರುಗಳಿವೆ. ಕೆರೆಯ ಮೀನು, ಗದ್ದೆಯ ಏಡಿ, ಮಳೆಗಾಲದ ಅಣಬೆ, ಮುಂಗಾರಿನಲ್ಲಿ ಹುತ್ತದಿಂದ ಏಳುವ ಈಸಲು, ದೊಡ್ಡ ಮಾಂಸದ ಬಾಡು ಇವೂ ಇವೆ. ಕೊನೆಯಲ್ಲಿ ಹೇಳಿದವುಗಳನ್ನು ಅಪರಿಚಿತರ ಮುಂದೆ ಹೆಸರಿಸುವವರು ವಿರಳ.

ಆಹಾರ ವೈವಿಧ್ಯವು ತಟ್ಟೆಯಲ್ಲಿ ಕುಗ್ಗುವ ಮೊದಲೇ ಮಾತಿನಲ್ಲಿ ಕುಗ್ಗತೊಡಗುತ್ತದೆ. ಯಾವ ಆಹಾರವನ್ನು ನಾಲ್ಕು ಜನರ ಮುಂದೆ ಹೆಸರಿಸಬಹುದು, ಯಾವುದನ್ನು ಹೆಸರಿಸಬಾರದು ಎಂಬುದನ್ನು ಸಾಮಾಜಿಕ ಮಾನ ನಿರ್ಧರಿಸುತ್ತದೆ. ಹಾಗೆ ಹೆಸರು ಕಳೆದುಕೊಂಡದ್ದು ಮೊದಲು ಸಮೀಕ್ಷೆಯಿಂದ, ಆಮೇಲೆ ಯೋಜನೆಯಿಂದ, ಕೊನೆಗೆ ಒಲೆಯಿಂದ ಹೊರಬೀಳುತ್ತದೆ. ಆದ್ದರಿಂದ ಇದು ಭಾಷೆಯನ್ನು ಅಧ್ಯಯನ ಮಾಡುವವರ ಹೊಣೆಗಾರಿಕೆಯೂ ಹೌದು ಎಂಬುದನ್ನು ಮಂಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಆಹಾರವಾಚಕ ಪದಗಳ ಅರ್ಥಪಲ್ಲಟವನ್ನು ಗಮನಿಸಿದರೆ ಸಾಮಾಜಿಕ ಶ್ರೇಣಿ ಕೆಲಸ ಮಾಡುವ ಬಗೆ ಸ್ಪಷ್ಟವಾಗುತ್ತದೆ. ಹಳಗನ್ನಡದ 'ಕೂೞ್' ಬೇಯಿಸಿದ ಅನ್ನವನ್ನು, ಒಟ್ಟಾರೆ ಊಟವನ್ನು ಸೂಚಿಸುತ್ತಿದ್ದ ಗೌರವದ ಪದ. ಇಂದಿನ ಕನ್ನಡದಲ್ಲಿ 'ಕೂಳು' ಎಂಬುದು ತಿರಸ್ಕಾರದ ಮಾತು. ಬೈಯುವಾಗ ಮಾತ್ರ ಬಾಯಿಗೆ ಬರುತ್ತದೆ. ಇದೇ ಮೂಲದ ತಮಿಳು ಪದ ಇಂದಿಗೂ ಗಂಜಿಯನ್ನು ಸೂಚಿಸುತ್ತದೆ. ತೆಲುಗಿನಲ್ಲಿ 'ಕೂಡು' ಆಗಿದೆ. ಮೂರು ಭಾಷೆಗಳೂ ಸೇರುವ ಕೋಲಾರದಂಥ ಗಡಿಸೀಮೆಯಲ್ಲಿ ಒಂದೇ ಪದ ಒಬ್ಬರ ಮನೆಯ ಊಟವಾಗಿ, ಇನ್ನೊಬ್ಬರ ಬೈಗುಳವಾಗಿ ಏಕಕಾಲಕ್ಕೆ ಬದುಕಿರಬಲ್ಲದು.

'ಅನ್ನ' ಪದದ ಚರಿತ್ರೆ ಇದಕ್ಕೆ ವಿರುದ್ಧ ದಿಕ್ಕಿನದು. ಸಂಸ್ಕೃತದಲ್ಲಿ ಎಲ್ಲ ಬಗೆಯ ಆಹಾರಕ್ಕೂ ಸಲ್ಲುವ ಈ ಪದ ಕನ್ನಡದ ವ್ಯವಹಾರದಲ್ಲಿ ಅಕ್ಕಿಯ ಅನ್ನಕ್ಕೆ ಸೀಮಿತವಾಯಿತು. ರಾಗಿಯ ಊಟ 'ಹಿಟ್ಟು' ಆಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯಲ್ಲಿ ಹಿಟ್ಟು ಎಂದರೆ ಬದುಕುವುದಕ್ಕೆ ಬೇಕಾದ ಕನಿಷ್ಠ. ಅನ್ನ ಹಬ್ಬದ್ದು, ಹಿಟ್ಟು ದಿನನಿತ್ಯದ್ದು ಎಂಬ ಈ ವಿಭಜನೆ ಆಡಳಿತದ ಭಾಷೆಯನ್ನೂ ಪ್ರವೇಶಿಸಿದೆ. 2013ರಲ್ಲಿ ಆರಂಭವಾದ ಪಡಿತರ ಯೋಜನೆಗೆ 'ಅನ್ನಭಾಗ್ಯ' ಎಂಬ ಹೆಸರು ಸಹಜವೆನಿಸಿದ್ದು ಈ ಕಾರಣದಿಂದ. ಹಸಿವನ್ನು ತಗ್ಗಿಸುವಲ್ಲಿ ಆ ಯೋಜನೆಯ ಪಾತ್ರ ದೊಡ್ಡದು; ಅದನ್ನು ಅಲ್ಲಗಳೆಯುವ ಮಾತು ಇದಲ್ಲ. ಆದರೆ ಅಕ್ಕಿಯೇ ಭಾಗ್ಯ ಎಂಬ ಗ್ರಹಿಕೆಯನ್ನು ಆ ಹೆಸರು ಗಟ್ಟಿಗೊಳಿಸಿತು. ದಕ್ಷಿಣದ ಜಿಲ್ಲೆಗಳ ಪಡಿತರಕ್ಕೆ ಮುಂದೆ ರಾಗಿ ಸೇರಿದಾಗಲೂ ಯೋಜನೆಯ ಹೆಸರು ಬದಲಾಗಲಿಲ್ಲ.

ಕನ್ನಡ ಸಾಹಿತ್ಯ ಈ ಶ್ರೇಣಿಯನ್ನು ಬಹಳ ಮೊದಲೇ ಗುರುತಿಸಿದೆ. 16ನೆಯ ಶತಮಾನದ ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ನರೆದಲೆಗ ಮತ್ತು ವ್ರಿಹಿಗಳ, ಅಂದರೆ ರಾಗಿ ಮತ್ತು ಭತ್ತಗಳ ನಡುವೆ ಮೇಲು-ಕೀಳಿನ ವಾಗ್ವಾದ ನಡೆಯುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ ಪರೀಕ್ಷಿಸಲಾಗುತ್ತದೆ. ಕೆಡದೆ ಉಳಿದ ರಾಗಿಗೆ ರಾಮನು ತನ್ನ ಹೆಸರನ್ನೇ ನೀಡುತ್ತಾನೆ. ಈ ಕಾವ್ಯವನ್ನು ಜಾತಿಶ್ರೇಣಿಯ ರೂಪಕವಾಗಿ ನಮ್ಮ ವಿಮರ್ಶೆ ಓದಿದೆ. ಅದಕ್ಕೆ ಸೇರಿಸಬೇಕಾದ ಒಂದು ಅಂಶವೆಂದರೆ, ಇಲ್ಲಿ ಮಾನ ದೊರೆಯುವುದು ಮರುನಾಮಕರಣದ ಮೂಲಕ ಎಂಬುದು. ಧಾನ್ಯ ಅದೇ, ಅದನ್ನು ಕರೆಯುವ ಬಗೆ ಬದಲಾಗಿದೆ.

ನಮ್ಮ ಕಾಲದಲ್ಲಿ ಇದೇ ಪ್ರಕ್ರಿಯೆ ಮತ್ತೊಮ್ಮೆ ನಡೆಯಿತು. 'ತೃಣಧಾನ್ಯ', 'ಕಿರುಧಾನ್ಯ' ಎಂದು ಪಠ್ಯಪುಸ್ತಕಗಳಲ್ಲಿ ಕರೆಸಿಕೊಳ್ಳುತ್ತಿದ್ದ ನವಣೆ, ಸಾಮೆ, ಹಾರಕ, ಊದಲು, ಕೊರಲೆಗಳು 'ಸಿರಿಧಾನ್ಯ'ಗಳಾದವು. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆಯೆಂಬುದು ನಗರದ ಓದುಗರಿಗೆ ತಿಳಿದಿದೆ. ಬೆಂಗಳೂರಿನ ಹೋಟೆಲುಗಳ ಫಲಕಗಳಲ್ಲಿ ಮುದ್ದೆ ಹೆಮ್ಮೆಯಿಂದ ಕುಳಿತಿದೆ. ಆದರೆ ಈ ಗೌರವ ಧಾನ್ಯದಾಚೆಗೆ ಹೋಗಲಿಲ್ಲ. ಮುದ್ದೆಯೊಡನೆ ಉಂಡದ್ದು ಏನು, ಯಾರು ಉಂಡರು ಎಂಬ ಪ್ರಶ್ನೆ ಬಂದಾಗ ಹಳೆಯ ಮೌನ ಮರಳುತ್ತದೆ. ಮುದ್ದೆಗೆ ಮಾನ ಬಂತು; ಸಾರಿಗೆ ಬರಲಿಲ್ಲ.

3

ಸಾರಿನ ವೈವಿಧ್ಯ ಎಲ್ಲಿಂದ ಬರುತ್ತಿತ್ತು ಎಂಬುದನ್ನು ವಿವರಿಸಿಕೊಳ್ಳುವುದು ಅಗತ್ಯ. ಕೋಲಾರ ಜಿಲ್ಲೆಯಲ್ಲಿ ಜೀವನದಿಗಳಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿಗಳು ಮಳೆ ಬಂದಾಗಷ್ಟೇ ಹರಿಯುವಂಥವು. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯನ್ನು ನೆಚ್ಚಿಕೊಂಡು ಜನ ಕೆರೆಗಳ ಸರಪಳಿಯನ್ನೂ ಮಿಶ್ರಬೆಳೆಯ ಹೊಲವನ್ನೂ ಕಟ್ಟಿಕೊಂಡಿದ್ದರು. ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಜೋಳ ಬಿತ್ತುವುದು ಈ ಭಾಗದ ಪದ್ಧತಿ. ಒಂದು ಕೈಕೊಟ್ಟರೆ ಇನ್ನೊಂದು ಉಳಿಯಲಿ ಎಂಬುದು ಅದರ ತರ್ಕ. ಇದು ಬೆಳೆ ವಿಮೆಯೂ ಹೌದು, ಅಡುಗೆಮನೆಯ ವರ್ಷಪೂರ್ತಿ ಪಂಚಾಂಗವೂ ಹೌದು. ಸೊಗಡವರೆಯ ಕಾಲ ಬಂತೆಂದರೆ ಮಾರ್ಗಶಿರ ಬಂತೆಂದು ಅರ್ಥ.

ಈ ಹೊಲದಲ್ಲಿ ಬಿತ್ತದೆ ಬೆಳೆಯುವ ಮತ್ತೊಂದು ಬೆಳೆಯಿತ್ತು. ಅದು ಕಳೆ. ರಾಗಿ ಹೊಲದ ಕಳೆ ಕೀಳುವ ಹೆಣ್ಣಾಳುಗಳು ತಿನ್ನಬಹುದಾದ ಸೊಪ್ಪನ್ನು ಆರಿಸಿ ಮಡಿಲು ತುಂಬಿಕೊಳ್ಳುತ್ತಿದ್ದರು. ಅದೇ ಬೆರಕೆ ಸೊಪ್ಪು. ಹೊಲ ಯಾರದೇ ಆಗಿರಲಿ, ಆ ಸೊಪ್ಪು ಕಳೆ ಕಿತ್ತವಳದು ಎಂಬುದು ಬರೆಯದ ಒಪ್ಪಂದ. ಭೂಹೀನರ ಮನೆಯ ಆಹಾರ ವೈವಿಧ್ಯ ಹೀಗೆ ಪರರ ಹೊಲವನ್ನು, ಕೂಲಿ ಸಂಬಂಧವನ್ನು, ಕೆರೆಯಂಗಳ, ಗೋಮಾಳ, ಗುಂಡುತೋಪುಗಳೆಂಬ ಸಾಮುದಾಯಿಕ ನೆಲವನ್ನು ಅವಲಂಬಿಸಿತ್ತು. ಇದನ್ನು ಹೇಳುವಾಗ ಎಚ್ಚರ ಅಗತ್ಯ. ಅದು ಸಮೃದ್ಧಿಯ ಚಿತ್ರವಲ್ಲ. ಬೇಳೆ ಕೊಳ್ಳಲಾಗದವರು ಸೊಪ್ಪು ಹುಡುಕಿದರು. 1876–78ರ ಮಹಾಕ್ಷಾಮದಂಥ ಕಾಲದಲ್ಲಿ ಈ ತಿಳಿವಳಿಕೆಯೂ ಮೈಸೂರು ಸೀಮೆಯ ಜನರನ್ನು ಸಾವಿನಿಂದ ಕಾಯಲಿಲ್ಲ. ಆದರೂ ಅದೊಂದು ಜ್ಞಾನವಾಗಿತ್ತು ಮತ್ತು ಆ ಜ್ಞಾನದ ಒಡತಿಯರು ಹೆಚ್ಚಾಗಿ ಕೆಳಜಾತಿಯ ಹೆಂಗಸರಾಗಿದ್ದರು ಎಂಬುದನ್ನು ಮರೆಯುವಂತಿಲ್ಲ.

ಈ ವ್ಯವಸ್ಥೆ ಹಂತಹಂತವಾಗಿ ಸಡಿಲಗೊಂಡಿತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಭಾಗವಾಗಿ ರಾಗಿ ಹೊಲಗಳಿಗೆ ನೀಲಗಿರಿ ಬಂತು. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದವು. ಹಿಪ್ಪುನೇರಳೆ, ತರಕಾರಿ, ಟೊಮ್ಯಾಟೊ ಬೆಳೆಗಳು ಹಬ್ಬಿದವು. ಕೋಲಾರದ ಕೃಷಿ ಮಾರುಕಟ್ಟೆ ದೇಶದ ಅತಿದೊಡ್ಡ ಟೊಮ್ಯಾಟೊ ಮಾರುಕಟ್ಟೆಗಳಲ್ಲಿ ಒಂದಾಯಿತು. 2023ರ ಜುಲೈನಲ್ಲಿ 15 ಕಿಲೋ ಹಣ್ಣಿನ ಪೆಟ್ಟಿಗೆಯ ಬೆಲೆ 2,000 ರೂಪಾಯಿ ದಾಟಿದ ಸುದ್ದಿ ದೇಶವೆಲ್ಲ ಹಬ್ಬಿತು. ಬೆಲೆ ಕುಸಿದಾಗ ಅದೇ ಹಣ್ಣನ್ನು ರಸ್ತೆಬದಿಗೆ ಸುರಿಯುವುದೂ ಇಲ್ಲಿ ಅಪರೂಪವಲ್ಲ. ರೈತನಿಗೆ ನಗದು ಬಂದದ್ದು ನಿಜ. ಆದರೆ ಟೊಮ್ಯಾಟೊ ತೋಟದಲ್ಲಿ ಅಕ್ಕಡಿ ಸಾಲಿಲ್ಲ. ಕಳೆನಾಶಕ, ಕೀಟನಾಶಕ ಸಿಂಪಡಿಸಿದ ನೆಲದ ಸೊಪ್ಪನ್ನು ಮಡಿಲಿಗೆ ಹಾಕಿಕೊಳ್ಳುವಂತಿಲ್ಲ. ಕೂಲಿ ಹೆಚ್ಚಾಯಿತು, ಬೆರಕೆ ಸೊಪ್ಪು ಹೋಯಿತು. ಬೆಂಗಳೂರಿನ ಸಂಸ್ಕರಿತ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ 2018ರಲ್ಲಿ ಕೋಲಾರದ ಕೆರೆಗಳನ್ನು ತಲುಪಿದ ಮೇಲೆ ಬತ್ತಿದ್ದ ಹಲವು ಕೆರೆಗಳು ತುಂಬಿದವು. ಆದರೆ ಹರಾಜಿಗೆ ಒಳಪಟ್ಟ ಕೆರೆಯ ಮೀನು ಗುತ್ತಿಗೆ ಹಿಡಿದವರದು. ಕೆರೆ ಕೋಡಿಯಲ್ಲಿ ಊರಿನವರೆಲ್ಲ ಕೂಡಿ ಹಿಡಿದು ಹಂಚಿಕೊಳ್ಳುತ್ತಿದ್ದ ಮೀನು ಹಾಗಲ್ಲ.

ಇಲ್ಲಿಯೇ ಪೌಷ್ಟಿಕ ಸಮೀಕ್ಷೆಯ ಮಾನದಂಡವನ್ನೂ ಪ್ರಸ್ತಾಪಿಸಬೇಕು. ಆಹಾರ ಮತ್ತು ಕೃಷಿ ಸಂಸ್ಥೆ 2016ರಲ್ಲಿ ರೂಪಿಸಿದ ಸೂಚಿಯ ಪ್ರಕಾರ ಹೆಂಗಸೊಬ್ಬಳು ಹಿಂದಿನ ಹಗಲು-ರಾತ್ರಿಯಲ್ಲಿ 10 ಆಹಾರ ಗುಂಪುಗಳ ಪೈಕಿ ಕನಿಷ್ಠ 5ನ್ನು ಸೇವಿಸಿದ್ದರೆ ಆಕೆಯ ಆಹಾರ ವೈವಿಧ್ಯಮಯ. ದೇಶ-ದೇಶಗಳನ್ನು ಹೋಲಿಸಲು ಇದು ಉಪಯುಕ್ತ. ಆದರೆ ಅದರ ಲೆಕ್ಕದಲ್ಲಿ ಹಸಿರು ಸೊಪ್ಪುಗಳೆಲ್ಲ ಸೇರಿ ಒಂದೇ ಗುಂಪು. ಕಾಳುಗಳೆಲ್ಲ ಸೇರಿ ಒಂದೇ ಗುಂಪು. ಇಪ್ಪತ್ತು ಸೊಪ್ಪು ಬಲ್ಲ ಮನೆಗೂ ಪಾಲಕ್ ಒಂದನ್ನೇ ಬಲ್ಲ ಮನೆಗೂ ಸಿಗುವ ಅಂಕ ಒಂದೇ. ಹೆಸರಿಸಲು ಹಿಂಜರಿದ ಆಹಾರಕ್ಕಂತೂ ಅಂಕವೇ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೆಯ ಸುತ್ತಿನ (2019–21) ಪ್ರಕಾರ ಕರ್ನಾಟಕದ 5 ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4ರಷ್ಟು ಮಕ್ಕಳ ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲ. ಇಂಥ ರಾಜ್ಯದಲ್ಲಿ ಜನ ಏನನ್ನು ಉಣ್ಣಬಲ್ಲರು, ಏನನ್ನು ಉಣ್ಣುತ್ತಿದ್ದರು ಎಂಬುದರ ತಪ್ಪು ಲೆಕ್ಕ ಬರಿಯ ವಿದ್ವತ್ತಿನ ಪ್ರಶ್ನೆಯಾಗಿ ಉಳಿಯುವುದಿಲ್ಲ.

4

ಹೆಸರಿಸುವ ಹಿಂಜರಿಕೆಯ ಮೂಲ ಜಾತಿಯಲ್ಲಿದೆ. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಗಳ ಪಾಲು ಶೇಕಡಾ 30ರಷ್ಟು. ಅವರ ಊಟವನ್ನು ಹೊರಗಿಟ್ಟು ಈ ಸೀಮೆಯ ಆಹಾರ ಸಂಸ್ಕೃತಿಯನ್ನು ಬರೆಯುವುದೆಂದರೆ ಮೂರರಲ್ಲಿ ಒಂದು ಪಾಲನ್ನು ಅಳಿಸಿದಂತೆಯೇ. ಆದರೂ 'ಕರ್ನಾಟಕದ ಪಾಕಪರಂಪರೆ' ಎಂದೊಡನೆ ನಾವು ನೆನೆಯುವುದು 1508ರ ಸುಮಾರಿನ ಮೂರನೆಯ ಮಂಗರಸನ 'ಸೂಪಶಾಸ್ತ್ರ'ವನ್ನು. ಜೈನ ಕವಿಯಾದ ಅವನು ಸಸ್ಯಾಹಾರವನ್ನಷ್ಟೇ ವರ್ಣಿಸಿದ್ದು ಸಹಜ. ಆ ಒಂದು ಪರಂಪರೆಯನ್ನೇ ನಾಡಿನ ಪರಂಪರೆಯೆಂದು ಗ್ರಹಿಸಿದ್ದು ನಮ್ಮ ಆಯ್ಕೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ರಾಜಭೋಜನದ ಭಾಗವಾಗಿ ಹೊಲದ ಇಲಿ, ಆಮೆಗಳ ಅಡುಗೆಯನ್ನೂ ವಿವರಿಸುತ್ತದೆ. ಅರಸನ ತಟ್ಟೆಯಲ್ಲಿದ್ದಾಗ ಭೋಗವಾದದ್ದು ಬಡವನ ತಟ್ಟೆಯಲ್ಲಿದ್ದಾಗ ಹೀನವಾಗುತ್ತದೆ. ಅಂದರೆ ಹೀನತೆ ಪದಾರ್ಥದ ಗುಣವಲ್ಲ. ಉಣ್ಣುವವನ ಸ್ಥಾನದಿಂದ ಅದಕ್ಕೆ ಅಂಟಿದ್ದು.

ಎಂ.ಎನ್. ಶ್ರೀನಿವಾಸ್ ಅವರು 1952ರಲ್ಲಿ ಪ್ರಕಟವಾದ ಕೊಡವರ ಕುರಿತ ಅಧ್ಯಯನದಲ್ಲಿ ಸಂಸ್ಕೃತೀಕರಣದ ಪರಿಕಲ್ಪನೆಯನ್ನು ಮುಂದಿಡುವಾಗ ಆಹಾರ ಬದಲಾವಣೆಯನ್ನು ಅದರ ಮುಖ್ಯ ಲಕ್ಷಣವಾಗಿ ಗುರುತಿಸಿದ್ದರು. ಕೋಲಾರದಲ್ಲಿ ಕಾಣುವುದು ಇನ್ನೂ ಸೂಕ್ಷ್ಮವಾದ ರೂಪ. ಆಹಾರವನ್ನು ಬಿಡದೆ ಅದರ ಹೆಸರನ್ನಷ್ಟೇ ಬಿಡುವ ಕ್ರಮ ಅದು. ತೆಲುಗು ಮನೆಮಾತಿನವರಲ್ಲಿ 'ಪೆದ್ದಕೂರ', ಕನ್ನಡದಲ್ಲಿ 'ದೊಡ್ಡದು' ಎಂಬ ಮರೆಮಾತುಗಳು ಹುಟ್ಟಿದ್ದು ಹೀಗೆ. ಮರೆಮಾತು ಒಂದು ಭಾಷಿಕ ರಕ್ಷಣಾತಂತ್ರ. 2020ರ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಮರೆಮಾತಿಗೆ ನಾಚಿಕೆಯ ಜೊತೆಗೆ ಭಯವೂ ಸೇರಿಕೊಂಡಿದೆ. ಸಂಶೋಧಕನ ಮುಂದೆ ಜನ ಬಾಯಿಬಿಡುವುದು ಇನ್ನಷ್ಟು ಕಷ್ಟವಾಗಿದೆ.

ಇಲ್ಲಿ ಒಂದು ಗಂಭೀರ ಆಕ್ಷೇಪವನ್ನು ಎದುರಿಸಬೇಕು. ಅವಮಾನದ ಗುರುತಾದ ಆಹಾರವನ್ನು ಉಳಿಸಬೇಕೆಂದು ಹೇಳುವುದು ದಲಿತರನ್ನು ಹಳೆಯ ಸ್ಥಿತಿಯಲ್ಲಿಯೇ ಇರಿಸುವ ಮಾತಲ್ಲವೇ ಎಂಬುದು ಆ ಆಕ್ಷೇಪ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಅವರು ಸತ್ತ ದನದ ಮಾಂಸವನ್ನು ತ್ಯಜಿಸಿರೆಂದು ತಮ್ಮ ಜನರಿಗೆ ಕರೆಕೊಟ್ಟದ್ದು ಇತಿಹಾಸ. ಆ ಕರೆ ಸ್ವಾಭಿಮಾನದ ನಿರ್ಧಾರವಾಗಿತ್ತು. ತಮ್ಮ ಬದುಕನ್ನು ತಾವೇ ನಿರ್ಣಯಿಸುವ ಹಕ್ಕಿನ ಚಲಾವಣೆಯಾಗಿತ್ತು. ಇನ್ನೊಬ್ಬರ ಹೇಸಿಗೆಗೆ ಅಂಜಿ ಉಂಡದ್ದನ್ನು ಬಚ್ಚಿಡುವುದು ಅದಕ್ಕಿಂತ ಬೇರೆ. ಬಿಡುವುದೋ ಉಳಿಸಿಕೊಳ್ಳುವುದೋ ಎಂಬುದನ್ನು ಉಣ್ಣುವವರೇ ನಿರ್ಧರಿಸಬೇಕು. ಸಂಶೋಧಕನ ಕೆಲಸ ಉಳಿಸುವುದಲ್ಲ, ಮರೆಮಾಚದೆ ದಾಖಲಿಸುವುದು. 2009ರಲ್ಲಿ ಶರ್ಮಿಳಾ ರೇಗೆ ಮತ್ತು ಅವರ ಸಂಗಡಿಗರು ಪುಣೆಯಲ್ಲಿ ದಲಿತರ ಆಹಾರ ಸ್ಮೃತಿಗಳನ್ನು ಸಂಗ್ರಹಿಸಿ ಪ್ರಕಟಿಸಿದ್ದು ಇಂಥ ಕೆಲಸಕ್ಕೆ ಒಂದು ಮಾದರಿ.

ಶಾಲೆಯ ಬಿಸಿಯೂಟ ಈ ಎಲ್ಲ ಒತ್ತಡಗಳು ಸೇರುವ ಜಾಗ. 2002–03ರಲ್ಲಿ ರಾಜ್ಯದ ಕೆಲವು ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಮರುವರ್ಷ ಎಲ್ಲೆಡೆ ವಿಸ್ತರಿಸಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. 2021ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳಲ್ಲಿ ಮೊಟ್ಟೆ ಬಂದಾಗ ಕೆಲವು ಮಠಾಧೀಶರ ವಿರೋಧ ವ್ಯಕ್ತವಾಯಿತು; ಆದರೂ ಅದು 2022ರಲ್ಲಿ ರಾಜ್ಯದ ಎಲ್ಲ ಭಾಗಗಳಿಗೂ ಹಬ್ಬಿತು. ಬೇಡದವರಿಗೆ ಬಾಳೆಹಣ್ಣು, ಚಿಕ್ಕಿಯ ಆಯ್ಕೆಯಿತ್ತು. 2024ರ ಫೆಬ್ರವರಿಯಲ್ಲಿ ರಾಗಿ ಮಾಲ್ಟ್ ಕೂಡ ಬಂತು. ಪಟ್ಟಿ ಬೆಳೆದದ್ದು ಸ್ವಾಗತಾರ್ಹ. ಆದರೆ ಏನು ಬಡಿಸಬೇಕು ಎಂಬುದರಷ್ಟೇ ಯಾರು ಬೇಯಿಸಿದರು ಎಂಬುದೂ ನಮ್ಮಲ್ಲಿ ಪ್ರಶ್ನೆಯಾಗಿ ಉಳಿದಿದೆ. ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅಡುಗೆಯವರು ದಲಿತರೆಂಬ ಕಾರಣಕ್ಕೆ ಬಹುಪಾಲು ಮಕ್ಕಳನ್ನು ಪೋಷಕರು ಬೇರೆಡೆಗೆ ಸೇರಿಸಿದ ಸಂಗತಿಯನ್ನು 2015ರಲ್ಲಿ ಪತ್ರಿಕೆಗಳು ವರದಿ ಮಾಡಿದ್ದವು. ಅಕ್ಕಿ, ಬೇಳೆ, ತರಕಾರಿ ಎಲ್ಲವೂ ಅವೇ ಆಗಿದ್ದೂ ಊಟ ಊಟವಾಗಲಿಲ್ಲ. ಆಹಾರದ ಆಯ್ಕೆಯನ್ನು ರುಚಿ, ಬೆಲೆ, ಪೌಷ್ಟಿಕಾಂಶಗಳಿಂದಷ್ಟೇ ವಿವರಿಸಹೊರಡುವವರು ಈ ಒಂದು ಘಟನೆಗೆ ಉತ್ತರ ಹೇಳಬೇಕಾಗುತ್ತದೆ.

5

ಈ ಸಮಸ್ಯೆ ಕೋಲಾರದ್ದಷ್ಟೇ ಅಲ್ಲ. ಕೋಲಾರದ ಇಂದಿನ ಪ್ರಧಾನ ಬೆಳೆಯಾದ ಟೊಮ್ಯಾಟೊವಿನ ತವರನ್ನು ಹುಡುಕಿಕೊಂಡು ಹೋದರೆ ನಾವು ಮೆಕ್ಸಿಕೊವನ್ನು ತಲುಪುತ್ತೇವೆ. ಆ ಹೆಸರು ಅಲ್ಲಿನ ನಾವಾತ್ಲ್ ಭಾಷೆಯದು. ಮೆಣಸಿನಕಾಯಿ, ಮೆಕ್ಕೆಜೋಳಗಳೂ ಆ ಸೀಮೆಯಿಂದ, ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದವು. ನಮ್ಮ ರಾಗಿಯಾದರೂ ಪೂರ್ವ ಆಫ್ರಿಕದ ಎತ್ತರದ ನೆಲದಿಂದ ಬಂದ ಧಾನ್ಯ. ಹೀಗಿರುವಾಗ 'ದೇಸಿ' ಎಂಬ ಪರಿಕಲ್ಪನೆಯನ್ನು ಮೂಲದ ಆಧಾರದಲ್ಲಿ ನಿರ್ವಚಿಸುವುದು ಅಸಾಧ್ಯ. ಯಾವ ಜನ ಯಾವುದನ್ನು ತಮ್ಮ ನೆಲದಲ್ಲಿ, ತಮ್ಮ ಮಾತಿನಲ್ಲಿ ಬಳಸಿ ತಮ್ಮದಾಗಿಸಿಕೊಂಡರು ಎಂಬುದೇ ಅದರ ಆಧಾರವಾಗಬೇಕು.

ಮೆಕ್ಸಿಕೊದ ಸಾಂಪ್ರದಾಯಿಕ ಹೊಲ 'ಮಿಲ್ಪಾ'. ಮೆಕ್ಕೆಜೋಳ, ಹುರುಳಿಕಾಯಿ ಜಾತಿಯ ಕಾಳು, ಕುಂಬಳಗಳು ಅಲ್ಲಿ ಒಟ್ಟಿಗೆ ಬೆಳೆಯುತ್ತವೆ. ನಮ್ಮ ಅಕ್ಕಡಿ ಹೊಲದ ದೂರದ ಬಂಧು ಅದು. ಆ ಹೊಲದಲ್ಲಿ ತಾನಾಗಿ ಹುಟ್ಟುವ ತಿನ್ನುವ ಸೊಪ್ಪುಗಳಿಗೆ 'ಕೆಲಿತೆಸ್' ಎಂಬ ಹೆಸರಿದೆ; ನಮ್ಮ ಬೆರಕೆ ಸೊಪ್ಪೇ ಸರಿ. ಅವುಗಳಲ್ಲಿ ದಂಟಿನ ಕುಲದವೂ ಇವೆ. ಸ್ಪ್ಯಾನಿಷರು ಬರುವ ಮೊದಲು ದಂಟಿನ ಬೀಜ ಅಲ್ಲಿನ ಮುಖ್ಯ ಧಾನ್ಯಗಳಲ್ಲಿ ಒಂದಾಗಿತ್ತು, ಪೂಜೆಯ ವಸ್ತುವೂ ಆಗಿತ್ತು. ಆ ಪೂಜೆಯನ್ನು ಹೊಸ ಆಡಳಿತ ಹತ್ತಿಕ್ಕಿದಾಗ ಬೆಳೆಯೂ ಹಿಂದೆ ಸರಿಯಿತು. ಕೆಲಿತೆಸ್ ಮೂಲನಿವಾಸಿಗಳ, ಬಡವರ ಊಟವೆಂಬ ಹಣೆಪಟ್ಟಿ ಹೊತ್ತು ಬಹುಕಾಲ ಕಳೆಯಿತು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿದ ಹಿಸ್ಪಾನಿಕ್ ಸಮುದಾಯಗಳ ಆಹಾರವನ್ನು ಕುರಿತು ಅಲ್ಲಿನ ವಿದ್ವಾಂಸರು ಕಳೆದ ಕೆಲವು ದಶಕಗಳಲ್ಲಿ ವಿಪುಲವಾಗಿ ಅಧ್ಯಯನ ನಡೆಸಿದ್ದಾರೆ. ಹೊಸದಾಗಿ ಬಂದ ಮೆಕ್ಸಿಕೊ ಮೂಲದವರ ಊಟದಲ್ಲಿ ಕಾಳು, ಹಣ್ಣುಗಳು ಹೆಚ್ಚು. ನೆಲೆನಿಂತು ತಲೆಮಾರು ಕಳೆದಂತೆ ಅವು ತಗ್ಗಿ, ಸಕ್ಕರೆ ಪಾನೀಯ, ಸಿದ್ಧ ಆಹಾರಗಳು ಹೆಚ್ಚುತ್ತವೆ ಎಂಬುದು ಅವುಗಳಲ್ಲಿ ಮತ್ತೆಮತ್ತೆ ಕಂಡುಬಂದಿರುವ ಪ್ರವೃತ್ತಿ. ಆದಾಯ ಹೆಚ್ಚಿದೊಡನೆ ಊಟ ಉತ್ತಮವಾಗುತ್ತದೆಂಬ ಸರಳ ನಂಬಿಕೆಯನ್ನು ಇದು ಪ್ರಶ್ನಿಸುತ್ತದೆ. ನಮಗೆ ಹೆಚ್ಚು ಮುಖ್ಯವಾದದ್ದು ಆ ಅಧ್ಯಯನಗಳ ವಿಧಾನ. ಈ ಬದಲಾವಣೆಯನ್ನು ಅಳೆಯಲು ಅವರಲ್ಲಿ ಅನೇಕರು ಬಳಸಿದ ಪ್ರಮುಖ ಸೂಚಕ ಭಾಷೆ: ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಾರೋ ಇಂಗ್ಲಿಷ್ ಆಡುತ್ತಾರೋ ಎಂಬ ಪ್ರಶ್ನೆ. ಊಟದ ದಾರಿಯನ್ನು ಮಾತಿನ ದಾರಿಯಿಂದ ಗುರುತಿಸಬಹುದೆಂದು ಆರೋಗ್ಯ ವಿಜ್ಞಾನಿಗಳು ಒಪ್ಪಿರುವಾಗ ಭಾಷಾ ವಿಭಾಗಗಳು ಸುಮ್ಮನಿರುವುದು ವಿಚಿತ್ರವೆನಿಸುತ್ತದೆ.

ಈ ದೃಷ್ಟಿಯಿಂದ ಕೋಲಾರ ಒಂದು ಅಪೂರ್ವ ಕ್ಷೇತ್ರ. ಮುಳಬಾಗಿಲು, ಶ್ರೀನಿವಾಸಪುರಗಳ ಅನೇಕ ಮನೆಗಳಲ್ಲಿ ತೆಲುಗು, ಚಿನ್ನದ ಗಣಿಯ ಕಾಲೋನಿಗಳಲ್ಲಿ ತಮಿಳು, ಮುಸ್ಲಿಂ ಮೊಹಲ್ಲಾಗಳಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಆಸೆಯಲ್ಲಿ ಇಂಗ್ಲಿಷ್. ಮುದ್ದೆ ಒಂದು ಮನೆಯಲ್ಲಿ ಹಿಟ್ಟು, ಇನ್ನೊಂದರಲ್ಲಿ ಸಂಗಟಿ, ಮತ್ತೊಂದರಲ್ಲಿ ಕಳಿ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಬೆಂಗಳೂರಿನ ರೈಲು ಹತ್ತಿ ದಿನಗೂಲಿಗೆ ಹೋಗಿಬರುವ ಕುಟುಂಬಗಳ ಅಡುಗೆಯ ಸಮಯವೇ ಬದಲಾಯಿತು. ಸಮಯ ಬದಲಾದಾಗ ಅಡುಗೆಯೂ ಬದಲಾಗುತ್ತದೆ. ತೆಲುಗು ಮನೆಮಾತಿನ ಹುಡುಗಿಗೆ ಅಜ್ಜಿಯಿಂದ ಬಂದ ಸೊಪ್ಪುಗಳ ಹೆಸರು ತೆಲುಗಿನವು. ಶಾಲೆಯಲ್ಲಿ ಆ ಹೆಸರುಗಳಿಗೆ ಜಾಗವಿಲ್ಲ, ಕನ್ನಡದ ಹೆಸರುಗಳನ್ನು ಯಾರೂ ಕಲಿಸಲಿಲ್ಲ. ಎರಡು ಭಾಷೆಗಳ ನಡುವೆ ಆ ಗಿಡ ಅನಾಮಿಕ ಕಳೆಯಾಗುತ್ತದೆ. ಕನ್ನಡದ ಹಿತವನ್ನು ಬಯಸುವ ನಾವು ಇಲ್ಲಿ ಉದಾರವಾಗಬೇಕು. ತೆಲುಗು, ತಮಿಳು, ದಖನಿ ಹೆಸರುಗಳನ್ನು ಹೊರಗಿಟ್ಟು ಸಿದ್ಧಪಡಿಸಿದ ಕೋಲಾರದ ಆಹಾರಕೋಶ ಕನ್ನಡಕ್ಕೂ ಅಪೂರ್ಣವಾಗಿಯೇ ಇರುತ್ತದೆ.

6

ನಮ್ಮ ಸಾಹಿತ್ಯ ಹಸಿವನ್ನು ಬರೆದಿದೆ. ದೇವನೂರ ಮಹಾದೇವ ಅವರ 'ಒಡಲಾಳ'ದಲ್ಲಿ ಕದ್ದು ತಂದ ಕಡಲೆಕಾಯಿಯನ್ನು ಇಡೀ ಮನೆ ಕೂತು ತಿನ್ನುವ ರಾತ್ರಿಯನ್ನು ಮರೆತ ಓದುಗರಿಲ್ಲ. ಮಲೆನಾಡಿನ ಏಡಿ, ಅಣಬೆ, ಕಳ್ಳು, ಬಾಡುಗಳಿಗೆ ಕುವೆಂಪು ಅವರ ಕಾದಂಬರಿಗಳಲ್ಲಿ ಸಂಕೋಚವಿಲ್ಲದ ಸ್ಥಾನವಿದೆ. ಡಿ.ವಿ.ಜಿ., ಮಾಸ್ತಿಯವರಂಥ ದೊಡ್ಡ ಲೇಖಕರನ್ನು ಕೊಟ್ಟ ಕೋಲಾರ ಸೀಮೆಯ ಬಡವರ ಅಡುಗೆಮನೆಗೆ ಅಂಥ ದಾಖಲೆ ದೊರೆತದ್ದು ಕಡಿಮೆ. ಸಾಹಿತ್ಯ ತುಂಬಿಕೊಡದ ಜಾಗವನ್ನು ಸಂಶೋಧನೆ ತುಂಬಬಹುದು.

ಅದಕ್ಕೆ ದೊಡ್ಡ ಅನುದಾನಗಳ ಅಗತ್ಯವಿಲ್ಲ. ಈ ಜಿಲ್ಲೆಯ ಪದವಿ ಕಾಲೇಜುಗಳ, ಸ್ನಾತಕೋತ್ತರ ಕೇಂದ್ರಗಳ ಕನ್ನಡ ವಿದ್ಯಾರ್ಥಿಗಳಲ್ಲಿ ಬಹುಪಾಲು ಇದೇ ಹಳ್ಳಿಗಳ ಮಕ್ಕಳು. ಸ್ನಾತಕೋತ್ತರ ಕಿರುಪ್ರಬಂಧಗಳನ್ನು ತಾಲ್ಲೂಕುವಾರು ಆಹಾರ ಪದಸಂಗ್ರಹದ ಕಡೆಗೆ ತಿರುಗಿಸಿದರೆ ಐದಾರು ವರ್ಷಗಳಲ್ಲಿ ಒಂದು ಪ್ರಾದೇಶಿಕ ಕೋಶ ಸಿದ್ಧವಾಗುತ್ತದೆ. ಪ್ರತಿ ನಮೂದಿನಲ್ಲಿಯೂ ಪದಾರ್ಥದ ಹೆಸರು ಸಿಕ್ಕಷ್ಟು ಭಾಷೆಗಳಲ್ಲಿ ಇರಬೇಕು. ಅದು ಯಾವ ತಿಂಗಳಲ್ಲಿ ಎಲ್ಲಿ ಸಿಗುತ್ತದೆ, ಯಾರು ತರುತ್ತಾರೆ, ಹೇಗೆ ಬೇಯಿಸುತ್ತಾರೆ ಎಂಬ ವಿವರಗಳಿರಬೇಕು. ಜೊತೆಗೆ ನಮ್ಮ ಕೋಶಗಳು ಈವರೆಗೆ ಕೇಳದ ಎರಡು ಪ್ರಶ್ನೆಗಳಿಗೂ ಉತ್ತರ ಬೇಕು: ಇದನ್ನು ಯಾರು ತಿನ್ನುವುದಿಲ್ಲ? ಇದನ್ನು ಪರರ ಮುಂದೆ ಏನೆಂದು ಕರೆಯುತ್ತಾರೆ? ಜಾತಿಯ ಭೂಪಟ ಈ ಎರಡು ಕಲಮುಗಳಲ್ಲಿ ತಾನಾಗಿ ಮೂಡುತ್ತದೆ.

ವಿಧಾನದ ಬಗೆಗೆ ಒಂದು ಮಾತು. 'ನೀವು ಏನು ತಿನ್ನುತ್ತೀರಿ?' ಎಂಬ ಪ್ರಶ್ನೆ ಹೇಳುವವರನ್ನು ಕಟಕಟೆಯಲ್ಲಿ ನಿಲ್ಲಿಸುತ್ತದೆ. 'ಮುಂಗಾರು ಬಿದ್ದ ವಾರ ಹೊಲದಲ್ಲಿ ಏನೇನು ಸಿಗುತ್ತಿತ್ತು?' ಎಂಬ ಪ್ರಶ್ನೆ ಅವರನ್ನು ತಿಳಿದವರ ಸ್ಥಾನದಲ್ಲಿ ಕೂರಿಸುತ್ತದೆ. ಕೇಳಬೇಕಾದವರು ಮೊದಲಿಗೆ ಕಳೆ ಕಿತ್ತ ಹೆಂಗಸರು. ಹೇಳಲು ಒಪ್ಪದವರ ಮೌನವನ್ನೂ ಗೌರವಿಸಬೇಕು. ಹೇಳಿದವರ ಹೆಸರು, ಊರು ಬಯಲಾಗದಂತೆ ಕಾಯಬೇಕು. ದಾಖಲೆಯ ಹೆಸರಿನಲ್ಲಿ ಯಾರನ್ನಾದರೂ ಅಪಾಯಕ್ಕೆ ಒಡ್ಡಿದರೆ ಆ ಸಂಶೋಧನೆಗೆ ಅರ್ಥವಿರುವುದಿಲ್ಲ. ಹಾಗೆಯೇ ವರ್ಣರಂಜಿತ ಗ್ರಾಮೀಣ ಆಹಾರ ಮೇಳದ ಸಾಮಗ್ರಿಯಾಗಿ ಇದನ್ನು ಒದಗಿಸುವುದೂ ನಮ್ಮ ಗುರಿಯಾಗಬಾರದು. ಹಳ್ಳಿಯ ಸೊಪ್ಪು ನಗರದಲ್ಲಿ ದುಬಾರಿ ಖಾದ್ಯವಾಗಿ, ಅದನ್ನು ಕಿತ್ತವಳಿಗೆ ಕೊಳ್ಳಲಾಗದ ವಸ್ತುವಾದರೆ ಹೊಸ ಮಾನ ಬಂದದ್ದು ಸೊಪ್ಪಿಗೆ ಮಾತ್ರ, ಅವಳಿಗಲ್ಲ.

ಕನ್ನಡ ವಿಭಾಗಗಳು ಏನನ್ನು ಅಧ್ಯಯನ ಮಾಡಬೇಕು, ಅದರಿಂದ ಸಮಾಜಕ್ಕೆ ಏನು ಉಪಯೋಗ ಎಂಬ ಪ್ರಶ್ನೆಯನ್ನು ನಾವು ಪದೇಪದೇ ಎದುರಿಸುತ್ತಿದ್ದೇವೆ. ಅಂಗನವಾಡಿಯ ಆಹಾರ ಪಟ್ಟಿ, ಬಿಸಿಯೂಟದ ಪಟ್ಟಿ, ಪಡಿತರದ ಪಟ್ಟಿ ಇವೆಲ್ಲ ಅಂತಿಮವಾಗಿ ಹೆಸರುಗಳ ಪಟ್ಟಿಗಳು. ಪಟ್ಟಿ ಬರೆಯುವವರಿಗೆ ಗೊತ್ತಿರುವ ಹೆಸರುಗಳಷ್ಟೇ ಅವುಗಳಲ್ಲಿ ಸೇರುತ್ತವೆ. ಅವರಿಗೆ ಗೊತ್ತಿಲ್ಲದ, ಆದರೆ ಕೋಲಾರದ ಹೆಂಗಸರಿಗೆ ಗೊತ್ತಿರುವ ಹೆಸರುಗಳನ್ನು ಬರಹಕ್ಕೆ ತರುವುದು ಭಾಷೆಯ ವಿದ್ಯಾರ್ಥಿಗಳು ಮಾಡಬಲ್ಲ ಕೆಲಸ. ಕಳೆ ಕೀಳುತ್ತಿದ್ದ ಆ ತಲೆಮಾರು ವಯಸ್ಸಾಗುತ್ತಿದೆ. ಕೆಲಸವನ್ನು ಈ ಶೈಕ್ಷಣಿಕ ವರ್ಷದಲ್ಲಿಯೇ ಆರಂಭಿಸುವುದು ಉಚಿತ.